ಒಣಹಳ್ಳದಲ್ಲಿ ಎರಡು ಶನಿವಾರ, ಮೂರು ಚುಕ್ಕೆ ಚಿನ್ನ: ಎಡವಿದ್ದೆಲ್ಲಿ?

ಮರಳುಮರುಳ:
ಅರಿಜೋನಾದ ಕ್ವಾರ್ಟ್ಸೈಟ್ ಊರಿನ ಸುತ್ತಲಿನ ಒಣಹಳ್ಳವೊಂದರಲ್ಲಿ ಎರಡು ಶನಿವಾರ ಅಗೆದೆ. ಪಕ್ಕದ ಲಾ ಪಾಜ್‌ನಲ್ಲಿ 1862ರಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದ ಸೀಮೆಯಲ್ಲವೇ, ನನ್ನ ಪಾಲಿಗೂ ಚೂರುಪಾರು ಉಳಿದಿರಬಹುದೆಂಬ ಆಸೆ. ಹಳ್ಳದ ನಟ್ಟನಡುವೆ ಸೊಂಟದಾಳದ ಗುಂಡಿ ತೋಡಿ, ಇಪ್ಪತ್ತು ಬಕೆಟ್ ಮರಳನ್ನು ಡ್ರೈವಾಷರ್‌ಗೆ, ಅಂದರೆ ನೀರಿಲ್ಲದೆ ಗಾಳಿಯಿಂದಲೇ ಚಿನ್ನ ಬೇರ್ಪಡಿಸುವ ಯಂತ್ರಕ್ಕೆ, ಸುರಿದೆ. ಉಳಿದ ಕಪ್ಪು ಮರಳನ್ನು ಮನೆಯಲ್ಲಿ ಜಾಲಿಸಿದರೆ ತಟ್ಟೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಮೂರು ಚುಕ್ಕೆ. ಮಿಕ್ಕಂತೆ ಮಿನುಗಿದ್ದೆಲ್ಲ ಕಾಗೆಬಂಗಾರ. ಎರಡನೆಯ ಸಲ ಹಿಂದಿನ ರಾತ್ರಿ ಮಳೆಯಾಗಿದ್ದರಿಂದ ಅಗೆಯುವುದು ಸಲೀಸಾಗಿತ್ತು, ಆದರೂ ಅಷ್ಟೇ. ಯಂತ್ರ ಕೆಟ್ಟಿದೆಯೇ?

ಹಳೇ ಗುದ್ದಲಿ:
ಯಂತ್ರವನ್ನು ಬೈಯಬೇಡಿ. ಸಲೀಸಾಗಿತ್ತು ಎಂದಿರಲ್ಲ, ಒಂದು ಎಡವಟ್ಟು ಅಲ್ಲೇ ಇದೆ. ಡ್ರೈವಾಷರ್ ಮಾಡುವುದು ಕಣದಲ್ಲಿ ರಾಶಿ ತೂರುವ ಕೆಲಸ. ತಿದಿಯ ಗಾಳಿಗೆ ಹಗುರವಾದದ್ದು ಎದ್ದು ಹೋಗಬೇಕು, ಭಾರವಾದದ್ದು ಅಡ್ಡಪಟ್ಟಿಯ ಹಿಂದೆ ಕೂರಬೇಕು. ತೇವವಿದ್ದರೆ ಜೇಡಿ ಉಂಡೆಗಟ್ಟುತ್ತದೆ, ಒಳಗಿನ ಚಿನ್ನ ಉಂಡೆಯ ಜೊತೆಗೇ ಉರುಳಿ ಹೊರಬೀಳುತ್ತದೆ. ನಾನೊಮ್ಮೆ ಅನುಮಾನ ಬಂದು, ಯಂತ್ರ ಉಗುಳಿದ ರಾಶಿಯಿಂದ ಒಂದು ಬಕೆಟ್ ಮನೆಗೆ ತಂದು ನೀರಿನಲ್ಲಿ ಕಿವುಚಿ ಜಾಲಿಸಿದೆ. ದಿನವಿಡೀ ಯಂತ್ರ ಹಿಡಿದದ್ದಕ್ಕಿಂತ ಹೆಚ್ಚು ಚುಕ್ಕೆಗಳು! ಊಟ ಸೇರಲಿಲ್ಲ.

ಇನ್ನು ಜಾಗ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬಿಳಿ ಮರಳು ಮೂರು ಪಟ್ಟೂ ಇಲ್ಲ. ಹಳ್ಳ ಉಕ್ಕಿ ಬಂದಾಗ ಸೆಳವು ತಗ್ಗಿದ ಕಡೆ ಮೊದಲು ಕೂರುವುದು ಚಿನ್ನವೇ. ನಡುವಿನ ಸಡಿಲ ಮರಳನ್ನು ಬಿಟ್ಟು ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಬೆನ್ನು, ಹಾಸುಬಂಡೆಯ ಸೀಳು ಹುಡುಕಿ. ಹಾಸುಬಂಡೆ ಸಿಗದಿದ್ದರೆ ಕಲೀಚೆಯಾದರೂ ಸಿಕ್ಕೀತು: ಸುಣ್ಣ ಕಟ್ಟಿಕೊಂಡು ಗಚ್ಚಿನಂತೆ ಗಟ್ಟಿಯಾದ ಬೆಳ್ಳನೆಯ ಪದರ. ಇಳಿಯುತ್ತಿದ್ದ ಚಿನ್ನ ಅದರ ಮೇಲೆ ನಿಂತುಬಿಡುತ್ತದೆ. ಕೊನೆಯ ಗೇಣುದ್ದ ಜಲ್ಲಿಯನ್ನು ಸನಿಕೆಯಿಂದಲ್ಲ, ಬ್ರಷ್‌ನಿಂದ ಗುಡಿಸಿ ತೆಗೆಯಿರಿ.

ಕಾಗೆಬಂಗಾರಕ್ಕೆ ಸೂಜಿ ಚುಚ್ಚಿದರೆ ಪದರ ಏಳುತ್ತದೆ. ಚಿನ್ನ ತಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ.

ಗಡಿಕಲ್ಲು:
ಆ ಜಾಗ ಯಾರದೆಂದು ನೋಡಿದಿರಾ? ಸರ್ಕಾರಿ ನೆಲವಾದರೂ ಅದರ ಮೇಲೆ ಇನ್ನೊಬ್ಬರ ಗಣಿ ಹಕ್ಕು ಇರಬಹುದು, ಅಲ್ಲಿ ಅಗೆದರೆ ಕಳ್ಳತನವೇ. ಭೂ ನಿರ್ವಹಣಾ ಬ್ಯೂರೋದ ದಾಖಲೆ ನೋಡಿ, ಸ್ಥಳದಲ್ಲಿ ಗಡಿಗೂಟವನ್ನೂ ಹುಡುಕಿ. ಗುಂಡಿ ಮುಚ್ಚಿದಿರಿ ತಾನೇ? ಮತ್ತೆ, ದೂರದ ಬೆಟ್ಟದ ಮೇಲೆ ಮೋಡ ಕಪ್ಪಾದರೆ ಹಳ್ಳ ಬಿಟ್ಟೇಳಿ. ನಿಮ್ಮ ನೆತ್ತಿಯ ಮೇಲೆ ಬಿಸಿಲಿದ್ದರೂ ನೀರು ಬರುತ್ತದೆ.

ಮರಳುಮರುಳ:
ದಾಖಲೆ ನೋಡಿದೆ, ಹಕ್ಕು ಯಾರದೂ ಇಲ್ಲ. ಗುಂಡಿಯನ್ನು ಮುಚ್ಚಿರಲಿಲ್ಲ, ನಿನ್ನೆ ಹೋಗಿ ಮುಚ್ಚಿದೆ. ಹಾಗೆಯೇ ಮೇಲಿನ ತಿರುವಿನ ಒಳಮಗ್ಗುಲಲ್ಲಿ ಮೊಣಕಾಲಾಳ ಕೆದಕಿದಾಗ ಗುದ್ದಲಿ ಠಣ್ಣೆಂದಿತು, ಕಲೀಚೆ! ಗುಡಿಸಿ ತಂದದ್ದು ಒಂದೇ ಬಕೆಟ್. ಏಳು ಚುಕ್ಕೆ, ಅದರಲ್ಲೊಂದು ಅಕ್ಕಿನುಚ್ಚಿನಷ್ಟು. ಹೆಂಡತಿಗೆ ತೋರಿಸಲು ಈ ಸಲ ಭೂತಗನ್ನಡಿ ಬೇಕಾಗಲಿಲ್ಲ.