ದಿವಾಳಿ ಅರ್ಜಿಯ ಜೊತೆಗಿಡುವ ಮನೆಖರ್ಚಿನ ಪಟ್ಟಿ: ತಲೆಬರಹಗಳಿಗೆ ಯಾವ ಪದ?

ಮಾನ್ಯರೆ,

ದಾವಣಗೆರೆಯ ವಕೀಲರೊಬ್ಬರ ಕಚೇರಿಯಲ್ಲಿ ಅರ್ಜಿ, ಪ್ರಮಾಣಪತ್ರಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನದು. ಸಾಲ ತೀರಿಸುವ ದಾರಿ ಕಾಣದೆ ದಿವಾಳಿ ಅರ್ಜಿ ಹಾಕಿಕೊಳ್ಳುವವರು ತಮ್ಮ ಸಂಸಾರದ ತಿಂಗಳ ಖರ್ಚನ್ನು ಬರೆದುಕೊಡಲು ಒಂದು ಕನ್ನಡ ನಮೂನೆಯನ್ನು ಮಾಡಬೇಕಾಗಿದೆ. ಅಂಕಣಗಳು ಗೊತ್ತಾಗಿವೆ, ಅವುಗಳ ತಲೆಬರಹಕ್ಕೆ ಯಾವ ಪದಗಳನ್ನು ಇಡಬೇಕೆಂಬ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪದ ಹೊಂದದಿದ್ದರೆ ಬರೆಯುವವರು ಕೇಳಿದ್ದನ್ನು ಬಿಟ್ಟು ಬೇರೆಯದೇ ಲೆಕ್ಕವನ್ನು ಬರೆಯುತ್ತಾರೆ, ಆ ಲೆಕ್ಕಕ್ಕೆ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕಾದವರೂ ಅವರೇ ಆಗಿರುತ್ತಾರೆ. ಹೀಗಾಗಿ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಮುಂದಿಡುತ್ತಿದ್ದೇನೆ.

ಮೊದಲು ಕಾನೂನಿನ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು, ಕಂಪನಿಯ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ, ಉಳಿದವರಿಗೆ ಇನ್ನೂ ಜಾರಿಗೆ ಬಂದಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯ ಅಂಗಡಿಕಾರನಾಗಲಿ ಸಂಬಳದಾರನಾಗಲಿ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯಡಿಯಲ್ಲಿಯೇ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅರ್ಜಿಯಲ್ಲಿ ಏನೇನಿರಬೇಕೆಂದು ಹೇಳುವ 13ನೆಯ ಕಲಮು ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತಗಳನ್ನೂ ಅರ್ಜಿದಾರನ ಆಸ್ತಿಯ ವಿವರವನ್ನೂ ಕೇಳುತ್ತದೆಯೇ ಹೊರತು ತಿಂಗಳ ಖರ್ಚಿನ ಪಟ್ಟಿಯನ್ನು ಹೆಸರಿಸುವುದಿಲ್ಲ. ಆದರೆ ದಿವಾಳಿಯಾದವನ ಆಸ್ತಿಯಿಂದಲೇ ಅವನ ಮತ್ತು ಅವನ ಕುಟುಂಬದ ಪೋಷಣೆಗೆ ಇಷ್ಟು ಹಣವೆಂದು ನ್ಯಾಯಾಲಯ ಗೊತ್ತುಮಾಡಬಹುದು ಎಂದು 66ನೆಯ ಕಲಮು ಹೇಳುತ್ತದೆ. ಸಮರ್ಥಿಸಿಕೊಳ್ಳಲಾಗದ ದುಂದಿನಿಂದ ದಿವಾಳಿಯನ್ನು ತಂದುಕೊಂಡವನಿಗೆ ಸಾಲದಿಂದ ಪೂರ್ಣ ಬಿಡುಗಡೆಯನ್ನು ಕೊಡಬಾರದೆಂದು 42ನೆಯ ಕಲಮು ಹೇಳುತ್ತದೆ. ಈ ಎರಡೂ ಕಡೆ ಕೆಲಸಕ್ಕೆ ಬರುವುದು ಸರಿಯಾಗಿ ಬರೆದ ಮನೆಖರ್ಚಿನ ಪಟ್ಟಿ.

ಸಂಬಳದಾರರಿಗೆ ಇನ್ನೊಂದು ಲೆಕ್ಕವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ, ಜೀವನಾಂಶದ ಡಿಕ್ರಿಯನ್ನು ಬಿಟ್ಟರೆ, ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಜಪ್ತಿ ಮಾಡುವಂತಿಲ್ಲ. 25,000 ಸಂಬಳವಿದ್ದರೆ ಜಪ್ತಿಗೆ ಸಿಗುವುದು 8,000, ಮನೆಗೆ ಉಳಿಯುವುದು 17,000. ಆ 17,000ದಲ್ಲಿ ಸಂಸಾರ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಪಟ್ಟಿ ತೋರಿಸಬೇಕು.

ಪಟ್ಟಿಯ ಹೆಸರಿನಿಂದಲೇ ತೊಡಕು ಶುರುವಾಗುತ್ತದೆ. ಮೊದಲ ಕರಡಿನಲ್ಲಿ 'ಕೌಟುಂಬಿಕ ಆಯವ್ಯಯ' ಎಂದಿತ್ತು. ಪದ ಶುದ್ಧವಾಗಿದೆ, ಅರ್ಥವೂ ಸರಿಯಿದೆ. ಆದರೆ ಆಯವ್ಯಯವೆಂದರೆ ಎರಡೂ ಬದಿ ಸರಿಹೋಗಬೇಕು ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿದೆ. ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವರೊಬ್ಬರು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುತಂದ ಪಟ್ಟಿ ಈಗ ನನ್ನ ಮುಂದಿದೆ. ಬಾಡಿಗೆ, ದಿನಸಿ, ಹಾಲು, ಗ್ಯಾಸು, ಮಗಳ ಶಾಲೆ, ಇತರೆ ಎಂದು ಆರು ಸಾಲುಗಳಿವೆ. ಕೂಡಿಸಿದರೆ ಸಂಬಳದ ಮೊತ್ತಕ್ಕೆ ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲ. ದಿನಸಿಯ ಮುಂದಿನ ಅಂಕಿಯನ್ನು ಎರಡು ಸಲ ಹೊಡೆದುಹಾಕಿ ಪ್ರತಿಸಲವೂ ಕಡಿಮೆ ಬರೆದಿದ್ದಾರೆ. ತಾಯಿಯ ಬಿಪಿ ಮಾತ್ರೆ, ಸೈಕಲ್ಲಿನ ರಿಪೇರಿ, ಮೊಬೈಲ್ ರೀಚಾರ್ಜು, ಎಲ್ಲವನ್ನೂ 'ಇತರೆ 500' ಎಂಬುದರೊಳಗೆ ತುಂಬಿದ್ದಾರೆ. ಆ ಮನುಷ್ಯನಲ್ಲಿ ಸುಳ್ಳು ಹೇಳುವ ಉದ್ದೇಶ ಕಿಂಚಿತ್ತೂ ಇಲ್ಲ. ತಲೆಬರಹ ಕೇಳಿದ್ದನ್ನು ಅವರು ಒದಗಿಸಿದ್ದಾರೆ. ಆದರೆ ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗುವ ಸಂಸಾರಕ್ಕೆ ಸಾಲ ಏಕಾಯಿತು ಎಂದು ಎದುರು ವಕೀಲರು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ.

'ಜಮಾಖರ್ಚು' ಎಂಬುದು ಮಂಡಿಪೇಟೆಯಿಂದ ಹಿಡಿದು ಮಂಡಕ್ಕಿ ಭಟ್ಟಿಯವರೆಗೆ ನಮ್ಮೂರಿನ ಎಲ್ಲರಿಗೂ ತಿಳಿದ ಪದ. ಆದರೆ ಅದು ಆಗಿಹೋದ ವಹಿವಾಟಿನ ಲೆಕ್ಕ. ಹಾಗೆ ಕೇಳಿದರೆ ಹೋದ ತಿಂಗಳು ಏನಾಯಿತೋ ಅಷ್ಟನ್ನೇ ಬರೆಯುತ್ತಾರೆ, ಮತ್ತು ಹೋದ ತಿಂಗಳು ಕೈಯಲ್ಲಿ ಕಾಸಿಲ್ಲದೆ ತಾಯಿಗೆ ಮಾತ್ರೆ ತರದಿದ್ದರೆ ಮಾತ್ರೆಯ ಖರ್ಚು ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ. ನಮಗೆ ಬೇಕಾದದ್ದು ಮುಂದಿನ ತಿಂಗಳುಗಳಲ್ಲಿ ಸಂಸಾರಕ್ಕೆ ಏನೇನು ತಗಲುತ್ತದೆ ಎಂಬ ಅಂದಾಜು.

ಆಡುಮಾತಿನಲ್ಲಿ ಇದಕ್ಕೆ ಹೊಂದುವ ಒಂದು ಕ್ರಿಯಾಪದವಿದೆ. 'ತಿಂಗಳಿಗೆ ಎಷ್ಟು ಬೀಳುತ್ತದೆ?' ಎಂದು ಕೇಳಿದರೆ ಓದುಬರಹ ಹೆಚ್ಚಿಲ್ಲದ ಹೆಂಗಸರೂ ಥಟ್ಟನೆ ಸರಿಯಾದ ಉತ್ತರ ಕೊಡುತ್ತಾರೆ, ವರ್ಷಕ್ಕೊಮ್ಮೆ ಬರುವ ಖರ್ಚನ್ನೂ ತಿಂಗಳಿಗೆ ಹಂಚಿ ಹೇಳುತ್ತಾರೆ. 28 ದಿನದ ರೀಚಾರ್ಜನ್ನು ವರ್ಷಕ್ಕೆ 13 ಸಲ ಹಾಕಿಸಬೇಕು. 300 ರೂಪಾಯಿಯದಾದರೆ ತಿಂಗಳಿಗೆ 325 ಬೀಳುತ್ತದೆ. ಶಾಲೆಯ ಶುಲ್ಕ, ಪುಸ್ತಕಗಳು ಜೂನ್ ತಿಂಗಳಲ್ಲಿ ಒಟ್ಟಿಗೆ ಬರುತ್ತವೆ. ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ನೆಂಟರಿಗೆ ಉಣಬಡಿಸಿ ಕಳುಹಿಸಲು 12,000 ತಗಲುವ ಮನೆಗೆ ಅದು ತಿಂಗಳಿಗೆ 500ರಂತೆ ಬೀಳುತ್ತದೆ. ಪಟ್ಟಿಯಲ್ಲಿ ಆ 500 ಇಲ್ಲದಿದ್ದರೆ ಜಾತ್ರೆಯೇನೂ ನಿಲ್ಲುವುದಿಲ್ಲ, ಮತ್ತೆ ಸಾಲವಾಗುತ್ತದೆ. ಆದಕಾರಣ ಪಟ್ಟಿಗೆ 'ಸಂಸಾರಕ್ಕೆ ತಿಂಗಳಿಗೆ ಬೀಳುವ ಖರ್ಚು' ಎಂದು ಹೆಸರಿಡಬಹುದೆಂದು ನನಗೆ ತೋರುತ್ತದೆ. ಇದು ನ್ಯಾಯಾಲಯದ ಕಾಗದಕ್ಕೆ ತೀರ ಆಡುಮಾತಾಯಿತೆಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಅವರು ಸೂಚಿಸುವ 'ಮಾಹೆಯಾನ ವೆಚ್ಚ'ವನ್ನು ಅರ್ಥಮಾಡಿಕೊಳ್ಳುವವರು ಈಗ ಕಚೇರಿಗಳ ಒಳಗೆ ಮಾತ್ರ ಉಳಿದಿದ್ದಾರೆ.

'ಆದಾಯ' ಎಂಬ ಪದದ ತೊಂದರೆ ಬೇರೆ ಬಗೆಯದು. ಆದಾಯವೆಂದೊಡನೆ ಜನರಿಗೆ ನೆನಪಾಗುವುದು ತಾಲ್ಲೂಕು ಕಚೇರಿಯ ಆದಾಯ ಪ್ರಮಾಣಪತ್ರ. ಅದರಲ್ಲಿ ಅಚ್ಚಾದ ಅಂಕಿಯನ್ನೇ ಇಲ್ಲಿಯೂ ಇಳಿಸುತ್ತಾರೆ. ಹೆಂಡತಿ ರವಿಕೆ ಹೊಲಿದು ತರುವ ಹಣವಾಗಲಿ, ಗೃಹಲಕ್ಷ್ಮಿಯ 2,000 ರೂಪಾಯಿಯಾಗಲಿ ಅವರ ಮನಸ್ಸಿನಲ್ಲಿ ಆದಾಯವೇ ಅಲ್ಲ. ಇವನ್ನು ಬಿಟ್ಟರೆ ಮುಚ್ಚಿಟ್ಟರೆಂಬ ಆಪಾದನೆ ಬರುತ್ತದೆ. 'ಮನೆಗೆ ಬರುವ ಹಣ' ಎಂದು ಕೇಳಿದರೆ ಎಲ್ಲವೂ ಬರುತ್ತದೆ ಎಂಬುದು ನನ್ನ ಅನುಭವ.

ನನಗೆ ಎಲ್ಲಕ್ಕಿಂತ ಕಷ್ಟವೆನಿಸಿರುವುದು 'ಸಾಲ'. ನಮ್ಮ ಕಡೆ ಬಡ್ಡಿಗೆ ತಂದದ್ದು ಸಾಲ. ಬಡ್ಡಿಯಿಲ್ಲದೆ ಪರಿಚಯದವರಿಂದ ಪಡೆದದ್ದು ಕೈಗಡ. ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಬರೆಸಿದ್ದು ಉದ್ರಿ. ಚೀಟಿ ಎತ್ತಿಕೊಂಡ ಮೇಲೆ ಉಳಿದದ್ದು ಕಂತು. ನಿಮಗೆಷ್ಟು ಸಾಲವಿದೆ ಎಂದು ಕೇಳಿದರೆ ಬ್ಯಾಂಕು, ಫೈನಾನ್ಸು, ಬಡ್ಡಿಯವರ ಹೆಸರು ಹೇಳಿ ನಿಲ್ಲಿಸುತ್ತಾರೆ. ಭಾವಮೈದುನನ ಕೈಗಡವನ್ನು ಸಾಲವೆಂದು ಬರೆಯುವುದೇ ಅವರಿಗೆ ಅವಮರ್ಯಾದೆಯಾಗಿ ಕಾಣುತ್ತದೆ. ಕಾಯಿದೆಗೆ ಈ ಭೇದವಿಲ್ಲ, ತನ್ನ ಮೇಲಿರುವ ಹಣದ ಹಕ್ಕುಗಳೆಲ್ಲವನ್ನೂ ಅರ್ಜಿದಾರ ತೋರಿಸಬೇಕು. ಅದಲ್ಲದೆ, ತೋರಿಸದ ಕೈಗಡವನ್ನು ತಿಂಗಳು ತಿಂಗಳು ಗುಟ್ಟಾಗಿ ತೀರಿಸುತ್ತಿದ್ದರೆ ಖರ್ಚಿನ ಪಟ್ಟಿಯ ಬೇರೆ ಅಂಕಿಗಳೂ ಸುಳ್ಳಾಗುತ್ತವೆ, ಆ ಹಣ ಹಾಲಿನ ಬಾಬಿನಿಂದಲೋ ದಿನಸಿಯ ಬಾಬಿನಿಂದಲೋ ಹೋಗಿರುತ್ತದೆ. 'ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು' ಎಂಬ ಪೂರ್ಣ ವಾಕ್ಯವನ್ನೇ ತಲೆಬರಹ ಮಾಡಿ, ಕೆಳಗೆ ಸಾಲ, ಕೈಗಡ, ಉದ್ರಿ, ಚೀಟಿಯ ಕಂತು ಎಂಬ ನಾಲ್ಕನ್ನೂ ಬಿಡಿಸಿ ಇಡಬೇಕೆಂದಿದ್ದೇನೆ.

ಆದರೆ ಮುಯ್ಯಿಯನ್ನು ಎಲ್ಲಿ ಸೇರಿಸುವುದು? ನಮ್ಮ ಮನೆಯ ಮದುವೆಯಲ್ಲಿ ನೆಂಟರು ಮಾಡಿದ ಮುಯ್ಯಿಯನ್ನು, ಅಂದರೆ ಕಾಣಿಕೆಯಾಗಿ ಕೊಟ್ಟ ಹಣವನ್ನು, ಅವರ ಮನೆಯ ಮದುವೆಯಲ್ಲಿ ತಿರುಗಿ ಮಾಡಲೇಬೇಕು. ಕೆಲವು ಮನೆಗಳಲ್ಲಿ ಅದನ್ನು ಬರೆದಿಟ್ಟ ಪುಸ್ತಕವೂ ಇರುತ್ತದೆ. ರೂಢಿಯಲ್ಲಿ ಅದು ಋಣ. ಆದರೆ ಬಾಕಿಯಿದೆಯೆಂದು ಯಾರೂ ನ್ಯಾಯಾಲಯದಲ್ಲಿ ಕೇಳುವ ಹಣವಲ್ಲ. ನನ್ನ ತಿಳಿವಳಿಕೆಯಲ್ಲಿ ಅದು ಕೊಡಬೇಕಾದವರ ಪಟ್ಟಿಗೆ ಸೇರದೆ ಖರ್ಚಿನ ಪಟ್ಟಿಗೆ ಸೇರಬೇಕು, ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತೋರಿಸಬೇಕು. 'ಉಡುಗೊರೆ' ಎಂದು ಬರೆದರೆ ಕೊಡದಿದ್ದರೂ ನಡೆಯುವ ಖರ್ಚಿನಂತೆ ಓದುವವರಿಗೆ ಕಾಣುತ್ತದೆ, 'ಮುಯ್ಯಿ' ಎಂದರೆ ಅದರ ಕಡ್ಡಾಯವೂ ತಿಳಿಯುತ್ತದೆ.

ಇಲ್ಲಿಗೆ 'ಅನಿವಾರ್ಯ ಖರ್ಚು' ಮತ್ತು 'ದುಂದು' ಎಂಬ ಜೋಡಿಪದದ ಪ್ರಶ್ನೆಯೂ ಬರುತ್ತದೆ. ನಮೂನೆಯಲ್ಲಿ 'ಅನಿವಾರ್ಯ ಖರ್ಚುಗಳನ್ನು ಮಾತ್ರ ಬರೆಯಿರಿ' ಎಂಬ ಸೂಚನೆಯಿದ್ದಾಗ ಜನ ಹೆದರಿ ಮಗುವಿನ ಹುಟ್ಟುಹಬ್ಬದ ಬಟ್ಟೆ, ಕಾಯಿಪಲ್ಯ, ಕ್ಷೌರ, ಬಸ್ಸಿನ ದುಡ್ಡುಗಳನ್ನೂ ಬಿಟ್ಟುಬಿಡುತ್ತಾರೆ. ಅನ್ನ, ಬಾಡಿಗೆಗಳನ್ನು ಬಿಟ್ಟು ಉಳಿದದ್ದೆಲ್ಲ ದುಂದೆಂದು ಎಣಿಸುವಷ್ಟು ಅವರ ಮನಸ್ಸು ಕುಗ್ಗಿರುತ್ತದೆ. 42ನೆಯ ಕಲಮು ಹೇಳುವುದು ಸಮರ್ಥಿಸಿಕೊಳ್ಳಲಾಗದ ದುಂದನ್ನು, ಜೂಜನ್ನು, ವಿವೇಚನೆಯಿಲ್ಲದ ಸಟ್ಟಾ ವ್ಯವಹಾರವನ್ನು. ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಖರ್ಚು ಅದರಲ್ಲಿ ಬರುವುದಿಲ್ಲ. ಆ ಸೂಚನೆಯನ್ನು ತೆಗೆದು 'ಬಿಡದೆ ಬರೆಯಿರಿ, ಹೆಚ್ಚಿಸದೆ ಬರೆಯಿರಿ' ಎಂದು ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದೇ ನಿಯಮದಂತೆ, ಗೃಹಜ್ಯೋತಿಯಿಂದ ಕರೆಂಟು ಬಿಲ್ಲು ಬಾರದ ಮನೆಯವರು ಆ ಸಾಲಿನಲ್ಲಿ ಸೊನ್ನೆಯನ್ನೇ ಬರೆಯಬೇಕು.

ಅರ್ಜಿಯ ಹೆಸರಿನ ಬಗ್ಗೆ ಚಿಕ್ಕದೊಂದು ಮಾತು. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯವರು 'ಐಪಿ (ಇನ್ಸಾಲ್ವೆನ್ಸಿ ಪಿಟಿಷನ್) ಹಾಕುವುದು' ಎನ್ನುತ್ತಾರೆ, ಉಳಿದ ಕಡೆ 'ಪಾಪರ್ ಚೀಟಿ' ಎಂಬುದೂ ಬಳಕೆಯಲ್ಲಿದೆ. ಪಾಪರ್ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಲ್ಲಿ ನ್ಯಾಯಾಲಯ ಶುಲ್ಕ ಕಟ್ಟಲಾಗದ ಬಡವನಿಗಿದ್ದ ಹೆಸರು, 1976ರ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ದಿವಾಳಿಗೆ ಅದನ್ನು ಬಳಸಿದರೆ ಎರಡು ಬೇರೆ ಅರ್ಜಿಗಳು ಕಲಸಿಹೋಗುತ್ತವೆ, ಆದ್ದರಿಂದ ನಮೂನೆಯಲ್ಲಿ 'ದಿವಾಳಿ ಅರ್ಜಿ' ಎಂದೇ ಇಟ್ಟಿದ್ದೇನೆ.

ನಾನು ಕೇಳುವುದು ಇಷ್ಟು. 'ತಿಂಗಳಿಗೆ ಬೀಳುವ ಖರ್ಚು' ಎಂಬುದನ್ನು ಲಿಖಿತ ಗಾಂಭೀರ್ಯ ಕೆಡದಂತೆ ಹೇಳಲು ಇನ್ನೊಂದು ಪದವಿದೆಯೇ? ಸಾಲ, ಕೈಗಡ, ಉದ್ರಿ, ಕಂತು ನಾಲ್ಕನ್ನೂ ಒಳಗೊಳ್ಳುವ, ಜನ ಅಳುಕದೆ ಉತ್ತರಿಸುವ ಒಂದೇ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? 'ಬಾಕಿ' ಎಂದರೆ ಸಾಕೇ, ಅಥವಾ ಅದು ಗಡುವು ಮೀರಿದ್ದನ್ನು ಮಾತ್ರ ಸೂಚಿಸುತ್ತದೆಯೇ? ಮತ್ತು ಮುಯ್ಯಿಗೆ ಕಲ್ಯಾಣ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಏನೆನ್ನುತ್ತಾರೆ, ಅಲ್ಲಿಯೂ ಅದನ್ನು ಕಡ್ಡಾಯವಾಗಿ ತಿರುಗಿಸಬೇಕಾದ ಹಣವೆಂದೇ ತಿಳಿಯುತ್ತಾರೆಯೇ ಎಂಬುದನ್ನು ಆಯಾ ಭಾಗದವರು ದಯವಿಟ್ಟು ತಿಳಿಸಬೇಕು.