ಪ್ರಶ್ನೋತ್ತರ: 304 ಸ್ಟೇನ್‌ಲೆಸ್ ಪಟ್ಟಿ 0.35 ಮಿ.ಮೀ.ಗೇ ನಿಂತೈತಿ, ಮುಂದ ಇಳಿಯವಲ್ದು

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ): ಶಿಮ್ (ಸಂದು ತುಂಬೂ ತೆಳು ಪಟ್ಟಿ) ಮಾಡಾಕ 304 ದರ್ಜೆಯ ಸ್ಟೇನ್‌ಲೆಸ್ ಪಟ್ಟಿ 0.5 ಮಿ.ಮೀ.ದಿಂದ 0.2ಕ್ಕೆ ಇಳಿಸಬೇಕ್ರಿ. ಅಗಲ 30 ಮಿ.ಮೀ. ಅಕ್ಕಸಾಲಿಗರ ಕೈ ರೋಲಿಂಗ್ ಮಷೀನ್, ರೋಲ್ ವ್ಯಾಸ 60 ಮಿ.ಮೀ. 0.35 ಆದಮ್ಯಾಲ ಸ್ಕ್ರೂ ಎಷ್ಟ ಬಿಗಿ ಮಾಡಿದ್ರೂ ಅಷ್ಟ. ಎರಡೂ ಅಂಚು ಅಲೆ ಅಲೆ ಆಗ್ಯಾವು. ರೋಲ್ ಸವದಾವೇನು?

ಉತ್ತರ: ರೋಲ್ ಬಿಟ್ಟು ಮೊದಲು ಪಟ್ಟಿಗೆ ಆಯಸ್ಕಾಂತ ಹಿಡೀರಿ. ಮೆತ್ತಗಿನ 304ಕ್ಕೆ ಅದು ಹತ್ತೂದಿಲ್ಲ, ನಿಮ್ಮ ಪಟ್ಟಿಗೆ ಹತ್ತತೈತಿ. ಶೇ. 30 ಇಳಿಸಿದ್ದಕ್ಕೆ ಒಳಗಿನ ರಚನೆ ಒಂದಿಷ್ಟು ಮಾರ್ಟೆನ್ಸೈಟ್ (ಆಯಸ್ಕಾಂತ ಹತ್ತೂ ಗಟ್ಟಿ ರಚನೆ) ಆಗಿ ಗಟ್ಟಿಯಾಗೈತಿ. ಈಗ ಒಂದು ಪಾಸ್‌ಗೆ (ಒಮ್ಮೆ ರೋಲ್ ನಡುವ ಹಾಯಿಸಿದ್ರ) 0.02 ಮಿ.ಮೀ. ಇಳಿಸಬೇಕಂದ್ರೂ ರೋಲ್ ಮ್ಯಾಲ ಎರಡೂವರೆ–ಮೂರು ಟನ್ ಭಾರ ಬೀಳತೈತಿ. ಸ್ಕ್ರೂ ತಿರುವಿದ್ದೆಲ್ಲ ಫ್ರೇಮ್ ಹಿಗ್ಗೂದಕ್ಕ, ರೋಲ್ ಬಾಗೂದಕ್ಕ ಹೋಗತೈತಿ. ರೋಲ್ ಬಾಗಿದ್ರ ಅಂಚು ಹೆಚ್ಚು ತೆಳ್ಳಗಾಗಿ ಉದ್ದ ಬೆಳೀತಾವು, ಅದಕ್ಕ ಅಲೆ. ಒಂದೇ ಬದಿಗೆ ಅಲೆ ಇದ್ದಿದ್ರ ಸ್ಕ್ರೂ ಹೆಚ್ಚುಕಡಿಮೆ ಅನ್ನಬಹುದಿತ್ತು.

ಅನೀಲ್ ಮಾಡ್ರಿ, ಅಂದ್ರ ಕಾಸಿ ಮೆತ್ತಗ ಮಾಡ್ರಿ: 1040–1100 ಡಿಗ್ರಿ ಸೆಲ್ಸಿಯಸ್, ಎರಡು ನಿಮಿಷ, ಆಮ್ಯಾಲ ಬೇಗ ತಣಿಸಬೇಕು. ಗ್ಯಾಸ್ ಟಾರ್ಚ್‌ನಾಗ ಕೆಂಪಗಾದ್ರ ಸಾಕು ಅನ್ನೂದು ಹಿತ್ತಾಳೆಗೆ ಸರಿ. 304ನ್ನ 700 ಡಿಗ್ರಿ ಹತ್ತಿರ ಬಿಟ್ರ ಮೆತ್ತಗೂ ಆಗೂದಿಲ್ಲ, ತುಕ್ಕು ತಡಿಯೂ ಗುಣಾನೂ ಹೋಗತೈತಿ. ಹೀಟ್ ಟ್ರೀಟ್‌ಮೆಂಟ್‌ನವರ ಕಡೆ ಸ್ಟೇನ್‌ಲೆಸ್ ಫಾಯಿಲ್‌ನಾಗ ಸುತ್ತಿ ಕೊಡ್ರಿ, ಸ್ಕೇಲ್ (ಕಾಸಿದಾಗ ಮ್ಯಾಲ ಕಟ್ಟೂ ಗಟ್ಟಿ ಪೊರೆ) ಕಡಿಮೆ. ಉಳಿದ ಸ್ಕೇಲ್ ತೆಗಿಯದ ರೋಲ್‌ಗೆ ಹಾಕಿದ್ರ ರೋಲ್ ಮ್ಯಾಲ ಗೀರು ಖಾತ್ರಿ. ಆಯಸ್ಕಾಂತ ಇನ್ನೂ ಮೊದಲಿನಂಗ ಹತ್ತಿದ್ರ ಅನೀಲ್ ಆಗಿಲ್ಲ ಅಂತ ತಿಳೀರಿ; ಹತ್ತದಿದ್ರ ಅಷ್ಟಕ್ಕೇ ಪೂರ್ತಿ ಆತು ಅನ್ನಾಕ ಬರೂದಿಲ್ಲ.

ಆಮ್ಯಾಲ ದಪ್ಪ 0.31, 0.28, 0.26 ಮಿ.ಮೀ. ಹಿಂಗ ಇಳಿಸ್ರಿ. ಇಲ್ಲಿ ಇನ್ನೊಮ್ಮೆ ಅನೀಲ್ ಮಾಡಿ 0.23, 0.21, 0.20. ಪಟ್ಟಿ 15 ಮಿ.ಮೀ.ಗೆ ಸೀಳಿದ್ರ ಭಾರ ಅರ್ಧಕ್ಕ ಇಳೀತೈತಿ. ಶಿಮ್‌ಗೆ ಅಷ್ಟಗಲ ಸಾಕಿದ್ರ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಸೀಳಿದ ಅಂಚಿನ ಬರ್ (ಚೂಪು ಚುಂಗು) ಫೈಲ್‌ನಿಂದ ತೆಗೀರಿ, ಬಿರುಕು ಶುರುವಾಗೂದು ಅಲ್ಲೇ. ತೆಳು ಎಣ್ಣೆ ಸವರ್ರಿ. ನಡು ಮತ್ತು ಎರಡೂ ಅಂಚು, ಮೂರೂ ಕಡೆ ಮೈಕ್ರೋಮೀಟರ್ ಇಡ್ರಿ.

ಮರುಪ್ರಶ್ನೆ: ಮುಂದ ಒಬ್ಬರು ಪಟ್ಟಿ ಜಗ್ಗಿ ಹಿಡದ್ರ?

ಉತ್ತರ: ನೇರ ಬರತೈತಿ. 20 ಕೆ.ಜಿ. ಜಗ್ಗಿದ್ರೂ 30 ಅಗಲ, 0.35 ದಪ್ಪದ ಪಟ್ಟಿಗೆ ಬೀಳೂ ಎಳೆತ ಚದರ ಮಿ.ಮೀ.ಗೆ 2 ಕೆ.ಜಿ. ಒಳಗ. ದಪ್ಪ ಇಳಿಸೂದಕ್ಕ ಅದು ಲೆಕ್ಕಕ್ಕಿಲ್ಲ.

ಇನ್ನೊಬ್ಬರು (ಬಾಗಲಕೋಟೆ): ನೀಲಿ ಸ್ಪ್ರಿಂಗ್ ಪಟ್ಟಿ ಹಿಂಗ ಇಳಿಸಬಹುದಾ?

ಉತ್ತರ: ಬ್ಯಾಡ್ರಿ. ಅದು ಹದಗೊಟ್ಟ ಉಕ್ಕು, ಗಟ್ಟಿತನದ ಅಳತಿ 45–50 ರಾಕ್‌ವೆಲ್ ಸಿ. ಪಟ್ಟಿ ಸೀಳತೈತಿ, ಇಲ್ಲಾ ರೋಲ್ ಮ್ಯಾಲ ಗುರುತು ಬೀಳತೈತಿ. ಬೇಕಾದ ದಪ್ಪದ್ದ ತಗೋರಿ.