ಚಿಕ್ಕವಳಿಗೆ ಕಣ್ಣಿನ ಕೀವು ಇಂಜೆಕ್ಷನ್ನಲ್ಲೇ ವಾಸಿ ಆಯ್ತು, 15ರ ಹುಡುಗನಿಗೆ ಆಪರೇಷನ್ ಅಂತಿದಾರೆ, ಯಾಕೆ?

ಕೇಳಿದವರು: ನನ್ನ 4 ವರ್ಷದ ಮಗಳಿಗೆ ಹೋದ ವರ್ಷ ನೆಗಡಿ ಆದ್ಮೇಲೆ ಕಣ್ಣು ಊದ್ಕೊಂಡು ಕೀವು ಕಟ್ಟಿತ್ತು, ಅಡ್ಮಿಟ್ ಮಾಡಿ ಆಂಟಿಬಯೋಟಿಕ್ ಇಂಜೆಕ್ಷನ್ನಲ್ಲೇ ವಾಸಿ ಆಯ್ತು. ಈಗ ಅಕ್ಕನ ಮಗನಿಗೂ ಅದೇ, ಅವ್ನಿಗೆ 15, ಸಿಟಿ ಸ್ಕ್ಯಾನ್ ಮಾಡಿ ಆಪರೇಷನ್ನಲ್ಲಿ ಕೀವು ತೆಗೀಲೇಬೇಕು ಅಂತಿದಾರೆ. ದುಡ್ಡಿಗೋಸ್ಕರ ಹೇಳ್ತಿದಾರಾ? ಅನುಭವ ಇರೋರು ಹೇಳಿ.

ಇಎನ್‌ಟಿ ಪಿಜಿ (ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಸ್ನಾತಕೋತ್ತರ ಓದ್ತಿರೋ ಡಾಕ್ಟರ್): ದುಡ್ಡಿನ ವಿಷ್ಯ ಅಲ್ಲ ಅನ್ಸುತ್ತೆ ಮೇಡಂ. ಮೂಗಿನ ಪಕ್ಕದ ಸೈನಸ್ಸಿಗೂ (ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳು ಜಾಗ) ಕಣ್ಣಿಗೂ ಮಧ್ಯೆ ಇರೋ ಮೂಳೆ ಕಾಗದದಷ್ಟು ತೆಳು, ಸೋಂಕು ಸುಲಭವಾಗಿ ದಾಟ್ಬಿಡುತ್ತೆ. 9 ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ಒಂದೇ ಜಾತಿ ಬ್ಯಾಕ್ಟೀರಿಯಾ ಸಿಗುತ್ತೆ, ಔಷಧಿಗೆ ಬಗ್ಗುತ್ತೆ. 15ರ ಹೊತ್ತಿಗೆ ಹಲವಾರು ಜಾತಿ ಬೆರೆತಿರ್ತವೆ, ಆಕ್ಸಿಜನ್ ಇಲ್ದೆ ಬದುಕೋವೂ ಇರ್ತವೆ, ಯಾಕಂದ್ರೆ ಸೈನಸ್ ದೊಡ್ಡದಾಗುತ್ತೆ ಅದರ ಬಾಯಿ ಮಾತ್ರ ಅಷ್ಟು ಅಗಲ ಆಗಲ್ಲ, ಒಳಗೆ ಗಾಳಿ ಆಡಲ್ಲ. ಜೊತೆಗೆ ಹಣೆ ಸೈನಸ್ಸೂ ಬೆಳೆದಿರುತ್ತೆ, ಅಲ್ಲಿಂದ ಮಿದುಳು ಹತ್ರ. ಹಾಗಂತ ವಯಸ್ಸೊಂದೇ ನೋಡಲ್ಲ, ದೃಷ್ಟಿ ಮಂಜಾಗ್ತಿದ್ರೆ 4 ವರ್ಷದ ಮಗುಗೂ ಆಪರೇಷನ್ನೇ.

ಬಾಣಂತಿ ಅಮ್ಮ: ನಮ್ಮ ಕೂಸಿಗೆ ಹುಟ್ಟಿದ ತಿಂಗಳಲ್ಲೇ ಒಂದು ಕಣ್ಣಲ್ಲಿ ಗೀಜು, ನೀರು. ಅತ್ತೆ ಕಣ್ಣಿಗೆ ಎದೆಹಾಲು ಹಾಕು ಅಂದ್ರು (ಯಾರ ಮನೇಲಿ ಅನ್ನಲ್ಲ ಹೇಳಿ!), ಡಾಕ್ಟ್ರು ಬೇಡ ಅಂದು ಸ್ವಾಬ್ (ಹತ್ತಿ ಕಡ್ಡೀಲಿ ಗೀಜಿನ ಸ್ಯಾಂಪಲ್) ತಗೊಂಡ್ರು. ಹೆರಿಗೆಲಿ ತಾಯಿಯಿಂದ ಗೊನೋರಿಯಾ, ಕ್ಲಮಿಡಿಯಾ (ಲೈಂಗಿಕವಾಗಿ ಹರಡೋ ಸೋಂಕುಗಳು) ಅಂಟಿರಬಹುದಂತೆ, ಮೊದಲ ವಾರದಲ್ಲೇ ರೆಪ್ಪೆ ಊದಿ ಕೀವು ಸುರಿದ್ರೆ ಎಮರ್ಜೆನ್ಸಿ. ನಮ್ಮದು ಕಣ್ಣೀರಿನ ನಾಳ ಬಿಟ್ಕೊಂಡಿರ್ಲಿಲ್ಲ ಅಷ್ಟೇ, ಕಣ್ಣಿನ ಒಳಮೂಲೆಯಿಂದ ಮೂಗಿನ ಪಕ್ಕ ಬೆರಳಲ್ಲಿ ಕೆಳಕ್ಕೆ ಒತ್ತೋದು ಹೇಳ್ಕೊಟ್ರು. ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ತಾನೇ ಬಿಟ್ಕೊಳ್ಳುತ್ತಂತೆ.

ಹುಬ್ಳಿಯವರು: ನಮ್ಮ ಅಪ್ಪಾರಿಗೆ 68, ಶುಗರ್ ಐತ್ರಿ. ಕಣ್ಣು ಮೂಗಿನ ಸಂದ್ಯಾಗ ಕೆಂಪಗ ಗಡ್ಡಿ ಎದ್ದಿತ್ತು, ಮುಟ್ಟಾಕ ಬಿಡ್ತಿರ್ಲಿಲ್ಲ, ಜ್ವರಾನ ಇರ್ಲಿಲ್ಲ. ವಯಸ್ಸಾದೋರಿಗೆ ಜ್ವರಾ ಬರ್ದನೂ ಇರ್ತೈತಿ ಅಂದ್ರು. ಮೊದ್ಲ ಶುಗರ್ ಹತೋಟಿಗೆ ತಂದು, ಆಂಟಿಬಯೋಟಿಕ್ ಕೊಟ್ಟು, ಬಾವು ಇಳಿದ ಮ್ಯಾಲೆ ಡಿಸಿಆರ್ (ಕಣ್ಣೀರು ಮೂಗಿಗೆ ಇಳ್ಯಾಕ ಹೊಸ ದಾರಿ ಮಾಡೋ ಆಪರೇಷನ್) ಮಾಡಿದ್ರು. ಶುಗರ್ ಇದ್ದೋರಿಗೆ ಫಂಗಸ್ ಐತೇನಂತನೂ ನೋಡ್ತಾರ್ರಿ, ಕೋವಿಡ್ ಟೈಮಿನ್ಯಾಗ ಬ್ಲ್ಯಾಕ್ ಫಂಗಸ್ ಕೇಳಿರ್ಬೇಕಲ್ಲ.

ಕೇಳಿದವರು: ಥ್ಯಾಂಕ್ಸ್ ಎಲ್ರಿಗೂ. ಇವತ್ತು ಕಣ್ಣು ಆಡಿಸಿದ್ರೆ ನೋವು, ಒಂದು ಎರಡಾಗಿ ಕಾಣ್ತಿದೆ ಅಂತಿದಾನೆ, ಡಿಸ್ಚಾರ್ಜ್ ಮಾಡಿಸ್ಕೊಂಡು ಬೇರೆ ಕಡೆ ತೋರಿಸೋಣ ಅಂತಿದಾರೆ ಭಾವ.

ಇಎನ್‌ಟಿ ಪಿಜಿ: ಬೇಡ. ಸೆಕೆಂಡ್ ಒಪಿನಿಯನ್ ಬೇಕಿದ್ರೆ ಸಿಟಿ ಫಿಲ್ಮ್ ತಗೊಂಡು ಭಾವ ಹೋಗ್ಲಿ, ಹುಡುಗ ವಾರ್ಡಲ್ಲೇ ಇರ್ಲಿ. ಎರಡಾಗಿ ಕಾಣ್ತಿರೋದನ್ನ ಡ್ಯೂಟಿ ಡಾಕ್ಟರಿಗೆ ಈಗ್ಲೇ ಹೇಳಿ.